ಒಳಲೆಯಷ್ಟು ಔಷಧಿ

“ನಿನ್ನ ಮಗಳು ಮುಟ್ಟಿದ ಗಿಡ ಒಂದೂ ಉಳದಿಲ್ಲಲೇ ಕೊಂಡಿ. ಎದ್ದು ಹೊರಗ ಬಾ. ಧಣಿ ಬದುವಿನ ಮ್ಯಾಲ ನಿಂತು ಕುಣಿಯಾಕ ಹತ್ಯಾನ.”

ಹಂಚಿನ ಮೇಲೆ ರೊಟ್ಟಿ ಬಿದ್ದಿತ್ತು, ಇನ್ನೂ ನೀರು ಸವರಿರಲಿಲ್ಲ. ಕೈಗೆಲ್ಲ ಜೋಳದ ಹಿಟ್ಟು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾರೆಮ್ಮ. ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ಹೊಲಕ್ಕೆ ಹೊರಡಿಸಿಕೊಂಡು ಹೋಗುವ ಮೇಸ್ತ್ರಿ ಆಕೆ. ಧಣಿಯ ಮಾತು ನಮಗೆ ಬರುವುದು ಆಕೆಯ ಬಾಯಿಂದ. ನಮ್ಮ ಮಾತು ಧಣಿಗೆ ಹೋಗುವುದೂ ಆಕೆಯ ಬಾಯಿಂದಲೇ, ಹೋದರೆ.

ಹಿತ್ತಲ ಕಲ್ಲಿನ ಮೇಲೆ ಹರಿತಾ ಮುಖ ತೊಳೆಯುತ್ತಿದ್ದಳು. ನೀರಿನ ಸಪ್ಪಳ ನಿಂತಿತು. ಮಗಳು ಕೇಳಿಸಿಕೊಂಡಳು ಎಂದು ಗೊತ್ತಾಯಿತು.

“ಏನಾಗೈತಿ ನೆಟ್ಟಗ ಹೇಳಕ್ಕಾ.”

“ಏನು ಹೇಳಲಿ. ಸೀಡು ಹತ್ತಿದು ಮೊಗ್ಗು, ಹೂವು, ಹೀಚು ಎಲ್ಲಾ ನೆಲಕ್ಕ. ಹೊರಗಾದಾಕಿ ಯಾವಾಕೋ ಸಾಲಿನಾಗ ಕಾಲಿಟ್ಟಾಳ ಅಂತಾನ. ಯಾವಾಕಿ ಅಂತ ಕೇಳಿದ. ಹೇಳಿದೆ.”

“ನೀನು ಹೇಳಿದಿ.”

“ಹೇಳದಿದ್ರ ನನ್ನ ಸುಲೀತಿದ್ದ.”

ರೊಟ್ಟಿ ಹೊತ್ತಿ ಹೊಗೆಯೆದ್ದಿತು. ಅದನ್ನು ತೆಗೆದು ನಾಯಿಗೆ ಹಾಕಿ, ಒಲೆಗೆ ನೀರು ಚಿಮುಕಿಸಿ ಎದ್ದೆ. ಹರಿತಾ ಮುಖ ಒರೆಸಿಕೊಳ್ಳದೆ ಹಾಗೇ ಬಂದು ನನ್ನ ಸೆರಗು ಹಿಡಿದಳು. ಚಿಕ್ಕಂದಿನಲ್ಲಿ ಸಂತೆಯಲ್ಲಿ ಹಿಡಿಯುತ್ತಿದ್ದಳಲ್ಲ, ಹಾಗೆ.

ಉದಯಕುಮಾರ ಧಣಿಯ ಹೊಲ ಹಾಲಹರವಿ ದಾಟಿದ ಮೇಲೆ ಕಾಲುವೆಯ ಮಗ್ಗುಲಿಗಿದೆ. ಅಲ್ಲಿ ಬೆಳೆಯುವುದು ಬೀಜದ ಹತ್ತಿ. ಸಂಜೆ ಹೆಣ್ಣು ಸಾಲಿನ ಮೊಗ್ಗು ಸುಲಿದು ಒಳಗಿನ ಗಂಡಿನ ಪುಡಿ ತೆಗೆಯಬೇಕು. ಮಾರನೆಯ ಮುಂಜಾನೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರಿ ದಾರ ಕಟ್ಟಬೇಕು. ಒರಟು ಕೈಯಾದರೆ ಮೊಗ್ಗು ಮುರಿಯುತ್ತದೆ ಎಂದು ಸಣ್ಣ ಬೆರಳಿನ ಹುಡುಗಿಯರೇ ಬೇಕು ಧಣಿಗೆ. ದಸರೆಯ ರಜೆಗೆ ಹಾಸ್ಟೆಲಿನಿಂದ ಬಂದ ಹರಿತಾಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತಾಳೆ, ನನ್ನ ಕಣ್ಣೆದುರಿಗೆ ಇರಲಿ ಎಂದು.

ಸೀಡು ಹತ್ತಿಗೆ ಒಂದು ನೇಮವಿದೆ. ಮುಟ್ಟಾದವರು ಸಾಲಿನಲ್ಲಿ ಕಾಲಿಡಬಾರದು, ಇಟ್ಟರೆ ಮೊಗ್ಗು ಉದುರುತ್ತದೆ. ದಿನಾ ಮುಂಜಾನೆ ಬದುವಿನ ಮೇಲೆ ನಿಲ್ಲಿಸಿ ಮಾರೆಮ್ಮ ಕೇಳುತ್ತಾಳೆ: “ಎಲ್ಲಾರೂ ಚೊಲೋ ಅದೀರಿಲ್ಲ?” ನಾವು ಅದೀವಿ ಅನ್ನುತ್ತೇವೆ. ಇಲ್ಲ ಎಂದರೆ ಆ ದಿನದ ಕೂಲಿ ಇಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅದೀವಿ ಎಂದೇ ಒಳಗೆ ಹೋಗಿದ್ದೇನೆ. ನನ್ನ ಅತ್ತೆಯೂ ಹಾಗೇ ಹೋಗಿದ್ದಾಳೆ. ಅಷ್ಟು ವರ್ಷ ಹತ್ತಿ ಬಿಳಿಯಾಗಿಯೇ ಬಿರಿದಿದೆ.

ಹರಿತಾ ಸುಳ್ಳು ಹೇಳಿರಲಿಲ್ಲ. ನಾಲ್ಕೈದು ದಿನದ ಹಿಂದೆ, ಆ ಮುಂಜಾನೆ ಚೆನ್ನಾಗಿಯೇ ಇದ್ದಳು. ಸಾಲಿನಲ್ಲಿ ಕೂತಾಗಲೇ ಆಯಿತು, ಜೀವನದಲ್ಲಿ ಮೊದಲ ಸಲ. ಏನೆಂದು ತಿಳಿಯದೆ ಹೂವಿನ ಬುಟ್ಟಿಯನ್ನು ಅಡ್ಡ ಹಿಡಿದುಕೊಂಡು ಊಟದ ಹೊತ್ತಿನ ತನಕ ಅಲುಗಾಡದೆ ಕೂತಿದ್ದಳು. ನಾನು ನೋಡಿ ನನ್ನ ತಲೆಯ ಟವೆಲು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದೆ. ಮಾರೆಮ್ಮನೂ ನೋಡಿದಳು. ಆಗ ಏನೂ ಅನ್ನಲಿಲ್ಲ. ರಜೆ ಮುಗಿಯುವುದರೊಳಗೆ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ತಿನ್ನಿಸಿ, ತಲೆಗೆ ನೀರು ಹಾಕಿ, ಸದ್ದಿಲ್ಲದೆ ಹಾಸ್ಟೆಲಿಗೆ ಕಳಿಸೋಣ ಎಂದುಕೊಂಡಿದ್ದೆ. ಈಗ ಬದುವಿನ ಮೇಲೆ ನಿಂತ ಧಣಿಯ ಬಾಯಲ್ಲಿ ಅದು ಊರಿಗೆಲ್ಲ ಡಂಗುರವಾಗಿತ್ತು.

“ಏಮೇ, ಬಂದ್ಯಾ ಮಹಾರಾಣಿ?” ಧಣಿ ಬೈಕಿನ ಮೇಲೆ ಕೂತೇ ಕೇಳಿದ. “ಹೆಣ್ಣು ಹಡದು ನನ್ನ ಹೊಲಕ್ಕ ಬಿಟ್ಟೀದಿ. ಅದರ ಮೈಲಿಗಿ ನೋಡ್ಕೋಳಾಕ ನಿನ್ನ ಕಣ್ಣೇನು ಕುರುಡಾಗಿದ್ವೇನಲೇ ಮುಂಡೆ?”

ಪಕ್ಕದಲ್ಲಿ ನಿಂತ ಟ್ರ್ಯಾಕ್ಟರಿನ ಹುಡುಗರು ಕಿಸಕ್ಕೆಂದರು. ಹರಿತಾ ನನ್ನ ಬೆನ್ನಿಗೆ ಹಣೆ ಒತ್ತಿದಳು. ಅವಳ ಬಿಸಿಯುಸಿರು ರವಿಕೆಯನ್ನು ದಾಟಿ ಮೈಗೆ ತಗಲುತ್ತಿತ್ತು.

ನಾನು ಹೊಲ ನೋಡಿದೆ. ನೆಲದ ಮೇಲೆ ಮೊಗ್ಗು ಚೆಲ್ಲಿ ಬಿದ್ದಿದ್ದವು, ನಾವು ಕಟ್ಟಿದ ಕೆಂಪು ದಾರದ ಸಮೇತ. ಎಲೆಗಳು ಕೆಳಕ್ಕೆ ಮುದುಡಿ, ತೊಟ್ಟುಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದ್ದವು. ರಸ್ತೆಯ ಅಂಚಿನಿಂದ ಆ ಬೇವಿನ ಮರದವರೆಗೂ ಒಂದೇ ಸಮ. ಕಾಲುವೆಯ ಕಡೆಯ ಕೆಲವು ಸಾಲು ಮಾತ್ರ ನೆಟ್ಟಗೆ ನಿಂತು ಹೂ ಬಿಟ್ಟಿದ್ದವು. ಮುಟ್ಟಾದ ದಿನವಿಡೀ ಹರಿತಾ ಕೂತಿದ್ದದ್ದು ಆ ಸಾಲುಗಳಲ್ಲೇ.

ಅದನ್ನು ನಾನೊಬ್ಬಳೇ ನೋಡಲಿಲ್ಲ. ನಮ್ಮ ಜೊತೆ ಕೂಲಿಗೆ ಬರುವ ಶಿವಲೀಲಾ ನೋಡಿದಳು, ಮಾರೆಮ್ಮ ನೋಡಿದಳು. ನನ್ನ ಗಂಡ ಓಬಳೇಶನೂ ನೋಡಿದ. ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಹಾಕಿಕೊಂಡೇ ನಿಂತಿದ್ದ ಅವನು ತಲೆ ತಗ್ಗಿಸಿದ.

ಧಣಿ ಬೆರಳು ತೋರಿಸಿ ಹೇಳಿದ. ಶುಕ್ರವಾರ ಬೀಜದ ಕಂಪನಿಯವರು ಹೊಲ ನೋಡಲು ಬರುತ್ತಾರೆ. ಅವರು ಬರುವ ಮುಂಚೆ ಹುಡುಗಿ ಒದ್ದೆ ಬಟ್ಟೆಯಲ್ಲಿ ಅರಿಶಿಣ ನೀರಿನ ಕೊಡ ಹೊತ್ತು ಹೊಲ ಸುತ್ತಬೇಕು. ಬದುವಿನ ಮೇಲೆ ಕಾಯಿ ಒಡೆದು ಅಡ್ಡ ಬಿದ್ದು, ತಪ್ಪು ನನ್ನಿಂದ ಆಯಿತು ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ನಮ್ಮ ಕೇರಿಯ ಒಂದು ಕಾಲೂ ಇನ್ನು ಈ ಹೊಲ ತುಳಿಯಬಾರದು.

“ನೀರು ಚೆಲ್ಲಬಾರದು ಮತ್ತ,” ಎಂದು ಬೈಕು ಚಾಲೂ ಮಾಡಿದ. “ಕೊಡ ತುಂಬಿ ತುಳುಕಂಗಿರಬೇಕು.”

ಆ ಸಂಜೆ ಹರಿತಾಳ ತಲೆಗೆ ಎಣ್ಣೆ ಹಚ್ಚುತ್ತ ಕೂತಿದ್ದೆ. ಎಣ್ಣೆ ಹಚ್ಚುವಾಗ ಅವಳು ಮಾತಾಡುತ್ತಾಳೆ, ಹಾಸ್ಟೆಲಿನ ಗೆಳತಿಯರದು, ಸಾಂಬಾರಿನಲ್ಲಿ ಬೇಳೆ ಹುಡುಕುವುದು, ಏನಾದರೂ. ಅವತ್ತು ಬೆರಳಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಬಟ್ಟಲು ತಿರುಗಿಸುತ್ತಿದ್ದಳು. ಕೂಸಿಗೆ ಔಷಧಿ ಕುಡಿಸುವಷ್ಟು ಸಣ್ಣದು. ಹೂವಿಗೆ ಕಟ್ಟುವ ದಾರದ ತುಂಡುಗಳನ್ನು ಅವಳು ಅದರಲ್ಲಿ ಇಟ್ಟುಕೊಳ್ಳುತ್ತಿದ್ದಳು.

“ಯವ್ವಾ,” ಎಂದಳು ಮೆಲ್ಲಗೆ, “ಅವತ್ತು ಅಪ್ಪ ಹೊಡೆದದ್ದು ಔಷಧಿನೋ ಏನೋ...”

ನಾನು ಅವಳ ಬಾಯಿಗೆ ಎಣ್ಣೆಯ ಕೈಯನ್ನೇ ಅಡ್ಡ ಇಟ್ಟೆ. ಹೊಸ್ತಿಲಲ್ಲಿ ಓಬಳೇಶ ಬೀಡಿ ಸೇದುತ್ತಿದ್ದ.

ಅವತ್ತಿನದು ನನಗೂ ಕಣ್ಣಿಗೆ ಕಟ್ಟಿದಂತಿತ್ತು. ಹರಿತಾ ಮುಟ್ಟಾದ ಹಿಂದಿನ ದಿನ ಧಣಿ ಆದೋನಿಯಿಂದ ಒಂದು ಸಣ್ಣ ಬಾಟಲಿ ತಂದಿದ್ದ. ಹುಳದ ಔಷಧಿ ಅಲ್ಲ ಇದು, ಗಿಡದ ಟಾನಿಕ್ಕು, ಮೊಗ್ಗು ಒಂದೂ ಉದುರಲ್ಲ, ಕಾಯಿ ಜೋತುಬೀಳ್ತಾವ ಎಂದು ಹಿಗ್ಗಿದ್ದ. ಅಂಗಡಿಯವನು ಸ್ವಲ್ಪೇ ಸ್ವಲ್ಪ ಹಾಕಬೇಕು ಎಂದನಂತೆ, ಅಳೆಯಲು ಬಾಟಲಿಯ ಕುತ್ತಿಗೆಗೆ ರಬ್ಬರ್ ಹಾಕಿ ಆ ಸಣ್ಣ ಬಟ್ಟಲು ಕೊಟ್ಟಿದ್ದನಂತೆ. ಧಣಿ ಅದನ್ನು ಕಿತ್ತು ಎರಡು ಬೆರಳಲ್ಲಿ ಹಿಡಿದು ನಕ್ಕಿದ್ದ.

“ಇದೇನಲೇ ಓಬಳ್ಯಾ, ಕೂಸಿಗೆ ಹಾಲು ಕುಡಿಸೋ ಒಳಲಿ ಇದ್ದಂಗೈತಿ. ಇಷ್ಟರಾಗ ನನ್ನ ಹತ್ತಿ ನಾಲಿಗಿನೂ ತೊಯ್ಯಂಗಿಲ್ಲ. ನಮ್ಮ ಮುಚ್ಚಳ ಐತಲ್ಲ, ಅದರ ತುಂಬ ಹಾಕು.”

ನಮ್ಮ ಮುಚ್ಚಳ ಎಂದರೆ ಹುಳದ ಔಷಧಿಯ ದೊಡ್ಡ ಡಬ್ಬಿಯ ಮುಚ್ಚಳ. ಪಂಪಿನ ಹಿಡಿಕೆಗೆ ದಾರ ಕಟ್ಟಿ ಜೋತುಬಿಟ್ಟಿರುತ್ತದೆ. ಈ ಕಡೆ ಯಾವ ಔಷಧಿಗೂ ಅದೇ ಅಳತೆ, ಪಂಪಿಗೆ ಒಂದು ಮುಚ್ಚಳ. ಓಬಳೇಶ ಒಂದು ಸಲ ಬಾಟಲಿಯನ್ನೂ ಮುಚ್ಚಳವನ್ನೂ ನೋಡಿದ. “ಭಾಳ ಆಗತೈತೇನೋ ಧಣಿ,” ಎಂದ. ಧಣಿ ಅವನ ತಾಯಿಯನ್ನು ಹಿಡಿದು ಬೈದ. ಓಬಳೇಶ ಮುಚ್ಚಳ ತುಂಬಿದ. ಹರಿತಾ ಕಾಲುವೆಯಿಂದ ನೀರು ತಂದು ಪಂಪಿಗೆ ಸುರಿಯುತ್ತಿದ್ದಳು. ಧಣಿ ಎಸೆದ ಬಟ್ಟಲನ್ನು ಮಣ್ಣಿನಿಂದ ಎತ್ತಿ ಲಂಗಕ್ಕೆ ಒರೆಸಿಕೊಂಡಳು. ಕಾಲುವೆಯ ಕಡೆಯ ಸಾಲು ಮುಟ್ಟುವುದರೊಳಗೆ ಬಾಟಲಿ ಬರಿದಾಯಿತು.

ಬೀಡಿ ಆರಿದ ಮೇಲೆ ಓಬಳೇಶ ಒಳಗೆ ಬಂದ. ಹರಿತಾ ಮಲಗಿದ್ದಾಳೆಂದುಕೊಂಡು ನನಗೆ ಹೇಳಿದ: “ನಾ ಅದರ ಬಗ್ಗೆ ಮಾತಾಡಂಗಿಲ್ಲ ಕೊಂಡಿ. ಮಾತಾಡಿದ್ರ ನನ್ನ ಕುತ್ತಿಗಿಗೆ ಬರತೈತಿ. ಹೊಡೆದ ಕೈ ನಂದೈತಿ.”

ಕೈ ಚಾಚಿದ. ಔಷಧಿ ಹೊಡೆದು ಹೊಡೆದು ಆ ಕೈಯ ಚರ್ಮ ಹಳೆಯ ಗೋಡೆಯ ಸುಣ್ಣದಂತೆ ಎದ್ದು ಬಂದಿದೆ. ಅನ್ನ ಕಲಸಿದರೆ ಉರಿಯುತ್ತದೆಂದು ಚಮಚದಲ್ಲಿ ಉಣ್ಣುತ್ತಾನೆ. ಆ ಕೈಯ ಮೇಲೆ ನಾನು ಏನು ಹೊರಿಸಲಿ. ಅದೇ ಎಣ್ಣೆಯಲ್ಲಿ ಅವನ ಬೆರಳೂ ಸವರಿದೆ. ಹರಿತಾಳ ಕಣ್ಣು ಕತ್ತಲಲ್ಲಿ ತೆರೆದೇ ಇತ್ತು.

ಮಾರನೆಯ ದಿನ ನಲ್ಲಿಯ ಹತ್ತಿರ ಹೆಂಗಸರು ತಮ್ಮ ಕೊಡಗಳನ್ನು ಸ್ವಲ್ಪ ಸರಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಶಿವಲೀಲಾ ನನ್ನ ಕೊಡ ಎತ್ತಿ ತಲೆಗಿಡುತ್ತ, ಒಂದು ಸುತ್ತು ತಾನೇ ಅಕ್ಕಾ, ಹುಡುಗಿ ಸುತ್ತಿಬಿಡಲಿ, ನಮ್ಮ ಎಲ್ಲರ ಕೆಲಸ ಅದರ ಮೇಲೈತಿ ಎಂದಳು. ಅವಳದು ತಪ್ಪು ಮಾತಲ್ಲ. ಅವಳ ಮನೆಯಲ್ಲಿಯೂ ಒಲೆ ಉರಿಯಬೇಕು.

ಸಂಜೆ ಮಾರೆಮ್ಮ ಬಂದಳು. ಸೆರಗಿನಲ್ಲಿ ಅರಿಶಿಣದ ಕೊಂಬು ಕಟ್ಟಿಕೊಂಡು ಬಂದಿದ್ದಳು. ನಾನು ಎಳ್ಳು ಹುರಿಯುತ್ತಿದ್ದೆ. ಆಕೆ ಗೋಡೆಗೆ ಒರಗಿ ಕೂತಳು.

“ನನ್ನ ಮ್ಯಾಲ ಸಿಟ್ಟು ಐತಿ ನಿನಗ.”

“ಐತಿ.”

“ಇರಲಿ. ಒಂದು ಮಾತು ಕೇಳು. ಈ ಧಣಿ ಅಪ್ಪನ ಕಾಲದಾಗ ನನ್ನೂ ಸುತ್ತಿಸಿದ್ರು. ಮೆಣಸಿನಕಾಯಿ ತೋಟ. ಕೊಡ ಹೊತ್ತೆ, ಕಾಯಿ ಒಡದೆ, ಬಿದ್ದೆ. ಮುಗೀತು. ಯಾರೂ ನೆನಪು ಇಡಂಗಿಲ್ಲಲೇ.”

“ನೀನು ಇಟ್ಟೀದಿಯಲ್ಲಕ್ಕಾ.”

ಹರಿತಾ ಒಳಗಿನಿಂದ ಬಂದು ಆಕೆಯ ಮುಂದೆ ಆಗಲೇ ಕಟ್ಟಿಟ್ಟಿದ್ದ ಎಳ್ಳು ಬೆಲ್ಲದ ಉಂಡೆ ಇಟ್ಟಳು. ಮಾರೆಮ್ಮ ಅದನ್ನು ತಿನ್ನಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಎದ್ದು ಹೋಗುವಾಗ ಅರಿಶಿಣದ ಕೊಂಬು ಬಿಟ್ಟು ಹೋಗಬೇಕಿತ್ತು. ಹಾಗೇ ತೆಗೆದುಕೊಂಡು ಹೋದಳು.

ಆಕೆ ಹೋದ ಮೇಲೆ ಹರಿತಾ ಕೇಳಿದಳು, ತಾನು ಸುತ್ತಬೇಕಾ ಎಂದು. ನಾನು ಚಿಗಳಿ ಕಟ್ಟುತ್ತಲೇ ಇದ್ದೆ. ಬೇಡ ಎನ್ನುವುದು ಸುಲಭ. ಬೇಡ ಎಂದ ಮೇಲೆ ನಾಳೆ ಏನು ಎನ್ನುವುದು ಗೊತ್ತಿರಲಿಲ್ಲ. ಕೊನೆಗೆ, “ಅವತ್ತು ನಿನ್ನ ಬಾಯಿ ಮುಚ್ಚಿದೆನಲ್ಲ, ಇನ್ನು ಮುಚ್ಚಂಗಿಲ್ಲ,” ಎಂದಷ್ಟೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಮೂಲೆಯಲ್ಲಿ ಪಂಪು ತೊಳೆಯುತ್ತಿದ್ದ ಓಬಳೇಶನ ಕೈ ನಿಂತಿತು. ಮತ್ತೆ ತೊಳೆಯತೊಡಗಿದ.

ಶುಕ್ರವಾರ ಮುಂಜಾನೆ ಒದ್ದೆ ಬಟ್ಟೆ ಉಡಿಸಲಿಲ್ಲ. ತಲೆಗೆ ಬಿಸಿನೀರು ಹಾಕಿ, ಒಣಗಿಸಿ, ಎರಡು ಜಡೆ ಹೆಣೆದು ಹಾಸ್ಟೆಲಿನ ರಿಬ್ಬನ್ನು ಕಟ್ಟಿದೆ. ಶಾಲೆಯ ನೀಲಿ ಬಟ್ಟೆ ತೊಡಿಸಿದೆ. ಕೊಡ ಮಾತ್ರ ತುಂಬಿಸಿದೆ, ಕೆಲಸದವರಿಗೆ ಕುಡಿಯಲು ಆಗುತ್ತದೆಂದು. ಅದನ್ನು ನಾನೇ ಹೊತ್ತೆ.

ಬಿಸಿಲೇರಿದ ಮೇಲೆ ಬರಬೇಕಿದ್ದ ಕಂಪನಿಯವರು ಮುಂಚೆಯೇ ಬಂದಿದ್ದರು. ಬಳ್ಳಾರಿಯಿಂದ ಬಂದ ಬಸವಕಿರಣ ಎನ್ನುವ ಹುಡುಗ ವಯಸ್ಸಿನ ಅಧಿಕಾರಿ, ಕುತ್ತಿಗೆಯಲ್ಲಿ ಕಾರ್ಡು. ಬೇವಿನ ನೆರಳಲ್ಲಿ ಕುರ್ಚಿ ಹಾಕಿ ಧಣಿ ಎಳನೀರು ಕುಡಿಸುತ್ತಿದ್ದ. ಅಧಿಕಾರಿ ಎದ್ದು ಒಂದು ಎಲೆ ಕಿತ್ತು, ಬಿಸಿಲಿಗೆ ಹಿಡಿದು, ತಿರುಚಿದ ತೊಟ್ಟನ್ನು ಬೆರಳಲ್ಲಿ ಬಿಡಿಸಿ ನೋಡಿದ.

“ಏನು ಹೊಡದೀರಿ ಇದಕ್ಕ?”

“ಏನಿಲ್ಲ ಸಾರ್. ನೀವು ಕೊಟ್ಟಿದ್ದು ಬಿಟ್ಟು ಒಂದು ಹನಿ ಬ್ಯಾರೆ ಬಿದ್ದಿಲ್ಲ, ದೇವರಾಣೆ. ಇದು ಹೆಂಗಸರ ಮೈಲಿಗಿ. ಆ ಬರಾಕತ್ಯಾಳ ನೋಡ್ರಿ, ಆಕಿ.”

ಅಧಿಕಾರಿ ನಮ್ಮ ಕಡೆ ನೋಡಿದ, ಹರಿತಾಳ ಸಮವಸ್ತ್ರ ನೋಡಿದ, ಕೈಯಲ್ಲಿದ್ದ ಎಲೆ ನೋಡಿದ. ಆಮೇಲೆ ಎಲೆಯನ್ನು ಕೆಳಗೆ ಬಿಟ್ಟು ಕೈ ಒರೆಸಿಕೊಂಡ. “ಹಂಗೂ ಆಗತೈತಿ ಅಂತಾರಪ್ಪ,” ಎಂದ. ಎಳನೀರು ಇನ್ನೂ ಉಳಿದಿತ್ತು ಅವನಿಗೆ.

ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತರು. ಮಾರೆಮ್ಮ ದಿನದ ಹಾಗೆ ಕೇಳಬೇಕಿತ್ತು. ಧಣಿ ಕಣ್ಣು ಬಿಟ್ಟ ಮೇಲೆ ಕೇಳಿದಳು, ದನಿ ಅರ್ಧಕ್ಕೇ ನಿಲ್ಲುವಂತಿತ್ತು.

“ಎಲ್ಲಾರೂ ಚೊಲೋ ಅದೀರಿಲ್ಲ?”

“ನಾ ಹೊರಗಾಗೀನಿ,” ಎಂದೆ.

ಸಾಲು ಅಲುಗಿತು. ನಿಜವಾಗಿಯೂ ಆಗಿದ್ದೆ, ನಿನ್ನೆ ರಾತ್ರಿಯಿಂದ. ಹಿಂದಿನ ತಿಂಗಳೂ ಇದೇ ಹೊಲದಲ್ಲಿ ಆಗಿದ್ದೆ, ಅದರ ಹಿಂದಿನ ತಿಂಗಳೂ. ಅದನ್ನೂ ಹೇಳಿದೆ. ಹೇಳಿ ಕೊಡವನ್ನು ತಲೆಯ ಮೇಲಿಟ್ಟುಕೊಂಡೇ ಬದು ಇಳಿದು ಕಾಲುವೆಯ ಕಡೆಯ ಸಾಲಿಗೆ ನಡೆದೆ. ಹಸಿರಾಗಿ ನಿಂತ ಗಿಡಗಳ ನಡುವೆ ನಿಂತು ಒಂದು ಹೂವನ್ನು ಮುಟ್ಟಿದೆ. ತೆಳು ಹಳದಿಯ ಹೂ, ಕೂಸಿನ ಕಿವಿಯ ಹಾಗೆ ತಂಪಾಗಿತ್ತು.

“ಲೇ ರಂಡೆ!” ಧಣಿ ಕುರ್ಚಿ ಒದ್ದು ಎದ್ದ. “ಹೊರಗ ಬಾರಲೇ ಹೊಲದಿಂದ. ಏ ಮಾರಿ, ಎಳಕಂಡು ಬಾ ಆಕಿನ್ನ.”

ಮಾರೆಮ್ಮ ಕದಲಲಿಲ್ಲ. ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಚಿಗಳಿ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯತೊಡಗಿದಳು. ಆಕೆಯ ಪಕ್ಕದಿಂದ ಶಿವಲೀಲಾ, ನೆಲ ನೋಡುತ್ತ, ತಾನೂ ಹೋದ ವಾರ ಆಗಿದ್ದೆ ಎಂದಳು. ತಾನು ಕೂತದ್ದೂ ಕಾಲುವೆಯ ಸಾಲಿನಲ್ಲೇ ಎಂದಳು.

ಧಣಿಯ ಕಣ್ಣು ಹರಿತಾಳ ಮೇಲೆ ಬಿತ್ತು. ಬದುವಿನ ಮೇಲೆ, ಹೆಂಗಸರ ಸಾಲಿನಿಂದ ಆಚೆ, ಅವಳೊಬ್ಬಳೇ ನಿಂತಿದ್ದಳು. ನಾನು ದೂರವಿದ್ದೆ, ನಡುವೆ ಇಡೀ ಮುದುಡಿದ ಹತ್ತಿ. ಓಡಿ ಹೋಗಬೇಕೆಂದು ಕಾಲು ಎತ್ತಿದೆ.

“ಇವರವ್ವಗ ಹುಚ್ಚು ಹಿಡದೈತಿ,” ಎಂದು ಧಣಿ ಅವಳ ಮುಂದೆ ನಿಂತ. “ನೀನು ಓದಾಕಿ ಅದೀದಿ. ಬಿದ್ದು ತಪ್ಪಾತು ಅನ್ನು, ಸಾಕು. ಕೊಡನೂ ಬ್ಯಾಡ. ಅನ್ನು.”

ಹರಿತಾ ಅವನನ್ನು ನೋಡಲಿಲ್ಲ. ತಿರುಗಿ ಅಪ್ಪನನ್ನು ನೋಡಿದಳು.

ಓಬಳೇಶ ಪಂಪು ಹೊತ್ತು ಬೇವಿನ ಬುಡದಲ್ಲಿ ನಿಂತಿದ್ದ. ಅವನ ಮುಖ ಬೂದಿಯಂತಾಗಿತ್ತು. ಬೆನ್ನಿನಿಂದ ಪಂಪು ಇಳಿಸಿದ. ಹಿಡಿಕೆಗೆ ಕಟ್ಟಿದ ದಾರವನ್ನು ಸುಲಿದ ಬೆರಳುಗಳಿಂದ ಬಿಚ್ಚಲು ಹೋದ, ಗಂಟು ಬಿಚ್ಚಿಕೊಳ್ಳಲಿಲ್ಲ, ಹಲ್ಲಿನಿಂದ ಕಡಿದ. ದೊಡ್ಡ ಮುಚ್ಚಳವನ್ನು ತಂದು ಮಗಳ ಕಾಲ ಹತ್ತಿರ ಬದುವಿನ ಮೇಲೆ ಇಟ್ಟು, ಹಿಂದೆ ಸರಿಯದೆ ಅಲ್ಲೇ ನಿಂತ.

ಹರಿತಾ ಶಾಲೆಯ ಜೇಬಿಗೆ ಕೈ ಹಾಕಿದಳು. ದಾರದ ತುಂಡುಗಳನ್ನು ಜೇಬಿನಲ್ಲೇ ಕೊಡವಿ ಸಣ್ಣ ಬಟ್ಟಲನ್ನು ಹೊರತೆಗೆದಳು. ಬಗ್ಗಿ ಮುಚ್ಚಳದ ಒಳಗೆ ಅದನ್ನಿಟ್ಟಳು. ಕೂಸು ತೊಟ್ಟಿಲಲ್ಲಿ ಮಲಗಿದ ಹಾಗೆ ಅದು ಮುಚ್ಚಳದ ಒಂದು ಬದಿಗೆ ಉರುಳಿತು. ಅಧಿಕಾರಿ ಎಳನೀರು ಕೆಳಗಿಟ್ಟು ಕುರ್ಚಿಯಿಂದ ಎದ್ದ.

ಅವಳ ದನಿ ಕಾಲುವೆಯ ಈ ತುದಿಯಲ್ಲಿ ನಿಂತ ನನಗೂ ಕೇಳಿಸಿತು.

“ಧಣೀ, ಈ ಒಳಲಿ ಬಾಟಲಿ ಕುತ್ತಿಗಿಗೆ ಕಟ್ಟಿತ್ತು. ಇದನ್ನ ಒಗದು, ಈ ಮುಚ್ಚಳ ತುಂಬ ಹಾಕು ಅಂತ ನಮ್ಮಪ್ಪಗ ಹೇಳಿದವರು ಯಾರ್ರಿ?”